ಓರಗಿತ್ತಿಗೆ ಸಿಕ್ಕ ಬಡ್ತಿ

ನನ್ನ ಓರಗಿತ್ತಿಗೆ ಬಡ್ತಿ ಸಿಕ್ಕ ಸುದ್ದಿ ಬಂದಾಗ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಮಾದಿಹಳ್ಳಿಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನಮ್ಮಿಬ್ಬರ ಮೇಜುಗಳ ನಡುವೆ ಇರುವುದು ಒಂದು ಯುಪಿಎಸ್ ಅಷ್ಟೆ. ಅವಳು ಹೆಡ್‌ಫೋನ್ ಹಾಕಿಕೊಂಡು ಬೆಂಗಳೂರಿನಲ್ಲಿರುವ ಮ್ಯಾನೇಜರ್ ಹತ್ತಿರ ಮಾತಾಡುತ್ತಿದ್ದಳು. ಅವರು ಹೇಳಿದ್ದು ನನಗೆ ಕೇಳಿಸುತ್ತಿರಲಿಲ್ಲ, ಇವಳದ್ದು ಮಾತ್ರ ಕೇಳಿಸುತ್ತಿತ್ತು. "ಹೌದಾ ಸರ್" ಅಂದಳು, ಆಮೇಲೆ "ಥ್ಯಾಂಕ್ಯೂ ಸರ್, ಥ್ಯಾಂಕ್ಯೂ" ಅಂದಳು. ಎರಡನೆಯ ಥ್ಯಾಂಕ್ಯೂ ಕಿವಿಗೆ ಬಿದ್ದಾಗಲೇ ನನಗೆ ವಿಷಯ ಗೊತ್ತಾಗಿಹೋಯಿತು. ಆದರೂ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

"ಅಕ್ಕ, ನನ್ನ ಲೀಡ್ ಮಾಡಿದ್ರು," ಅಂದಳು.

"ಒಳ್ಳೇದಾಯ್ತು ಕಣೇ," ಅಂದೆ.

ಅಂದಿದ್ದು ಬಾಯಿ. ಹೊಟ್ಟೆ ಅನ್ನುವುದು ಆ ಹೊತ್ತಿಗೆ ಧಗಧಗ ಉರಿಯುತ್ತಿತ್ತು. ಸುತ್ತಿ ಬಳಸಿ ಹೇಳುವುದು ನನ್ನ ಜಾಯಮಾನವಲ್ಲ. ನನಗಾಗಿದ್ದು ಹೊಟ್ಟೆಕಿಚ್ಚು, ಬೇರೇನೂ ಅಲ್ಲ.

ಯಾಕೆ ಅಂತ ಹೇಳಬೇಕಾದರೆ ಮನೆಯ ವಿಷಯ ಸ್ವಲ್ಪ ಹೇಳಬೇಕು. ನಾನು ಜಾವಗಲ್ಲಿನವಳು, ಈ ಮನೆಯ ದೊಡ್ಡ ಸೊಸೆ. ನಮ್ಮವರು ತೆಂಗು, ಗದ್ದೆ, ಹಸು ಅಂತ ನೋಡಿಕೊಂಡು ಊರಲ್ಲೇ ಇರುವವರು. ಮೈದುನನಿಗೆ ಬೇಲೂರಿನಲ್ಲಿ ಬ್ಯಾಂಕ್ ಕೆಲಸ. ಮದುವೆಗೆ ಮುಂಚೆಯೇ ನಾನು ಬೆಂಗಳೂರಿನ ಕಂಪನಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೆ. ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದು ಅಂತ ಕಂಪನಿ ಹೇಳಿದ ಮೇಲೆ ಮಹಡಿ ಕೋಣೆ ನನ್ನ ಆಫೀಸಾಯಿತು. ಆಮೇಲೆ ಮೈದುನನಿಗೆ ಹಗರೆಯಿಂದ ಹೆಣ್ಣು ತಂದರು. ಹಾಸನದಲ್ಲಿ ಓದಿದ ಹುಡುಗಿ, ಅವಳೂ ಇಂಜಿನಿಯರ್. ಯಾವುದೋ ಸಣ್ಣ ಕಂಪನಿಯಲ್ಲಿ ಕಣ್ಣೀರು ಹಾಕಿಕೊಂಡು ದುಡಿಯುತ್ತಿದ್ದಳು. ಪಾಪ ಅನ್ನಿಸಿ ನಮ್ಮ ಕಂಪನಿಗೆ ಅವಳ ಹೆಸರು ಹೇಳಿದವಳು ನಾನೇ. ಇಂಟರ್‌ವ್ಯೂಗೆ ಏನೇನು ಕೇಳುತ್ತಾರೆ ಅಂತ ಕೂರಿಸಿಕೊಂಡು ಹೇಳಿಕೊಟ್ಟವಳೂ ನಾನೇ. ಕೆಲಸ ಸಿಕ್ಕ ದಿನ ಅವಳು ನನ್ನ ಕಾಲಿಗೆ ಬೀಳಲು ಬಂದಿದ್ದಳು.

ನಮ್ಮ ಕಂಪನಿಯಲ್ಲಿ ಇಂಜಿನಿಯರುಗಳಿಗೆ ಲೆವೆಲ್ ಅಂತ ಇದೆ. ಹೊಸದಾಗಿ ಸೇರಿದವರದು ಎಲ್ಲಕ್ಕಿಂತ ಕೆಳಗಿನದು, ಅವರು ಹೇಳಿದ್ದನ್ನು ಮಾಡಿದರೆ ಸಾಕು. ಅದರ ಮೇಲಿನದು, ಇನ್ನೊಬ್ಬರ ಹತ್ತಿರ ಹೇಳಿಸಿಕೊಳ್ಳದೆ ಮಾಡುವವರಿಗೆ. ಆಮೇಲೆ ಸೀನಿಯರ್, ಅದರ ಮೇಲೆ ಲೀಡ್. ಸೀನಿಯರ್‌ವರೆಗೆ ನಿಯತ್ತಾಗಿ ದುಡಿದವರೆಲ್ಲ ಹತ್ತುತ್ತಾರೆ. ಅಲ್ಲಿಂದ ಲೀಡ್‌ಗೆ ಹತ್ತುವುದಿದೆಯಲ್ಲ, ಅಲ್ಲೇ ತುಂಬ ಜನ ನಿಂತುಬಿಡುವುದು. ನಾನೂ ನಿಂತಿದ್ದೆ. ಅವಳು ಹೊಸಬಳಾಗಿ ಸೇರಿದಾಗ ನಾನು ಸೀನಿಯರ್. ಅವಳು ಸೀನಿಯರ್ ಆದಾಗಲೂ ನಾನು ಸೀನಿಯರ್. ಈಗ ಅವಳು ನನ್ನನ್ನು ದಾಟಿಕೊಂಡು ಹೋದಾಗಲೂ ಅದೇ ಸೀನಿಯರ್. ಅವಳು ಲೀಡ್ ಆಗಿದ್ದು ಬೇರೆ ಯಾವುದೋ ಟೀಮಿಗಲ್ಲ, ನಮ್ಮ ಟೀಮಿಗೇ. ಅಂದರೆ ಇನ್ನು ಮುಂದೆ ನನಗೆ ಯಾವ ಕೆಲಸ ಅಂತ ಹಂಚುವವಳು ಅವಳು.

ಆ ದಿನ ರಾತ್ರಿ ಊಟಕ್ಕೆ ಕೂತಾಗ ಮೈದುನ ವಿಷಯ ತೆಗೆದ. ಅತ್ತೆ ಮುದ್ದೆ ಮುರಿಯುತ್ತಾ, "ಲೀಡು ಅಂದ್ರೆ ಏನ್ಲಾ ಅದು?" ಅಂದರು.

"ಮೇಲಿನ ಕೆಲಸ ಕಣಮ್ಮ. ಅತ್ತಿಗೆಗಿಂತ ಒಂದ್ ಲೆವೆಲ್ ಮೇಲೆ."

"ಅದೆಂಗಾಯ್ತದೆ? ದೊಡ್ ಸೊಸೆ ಇವಳಲ್ವಾ?"

ಮದುವೆಯಾದಾಗಿನಿಂದ ನನಗೂ ಅತ್ತೆಗೂ ಅಷ್ಟಕ್ಕಷ್ಟೆ. ಆದರೆ ಆ ಮಾತು ಕೇಳಿ ಅವರ ಮೇಲೆ ಪ್ರೀತಿ ಉಕ್ಕಿ ಬಂತು. ಗೌರಿ ಹಬ್ಬಕ್ಕೆ ಮೊದಲ ಬಾಗಿನ ನನಗೆ, ಬಂದವರಿಗೆ ಅರಿಶಿನ ಕುಂಕುಮ ಕೊಡುವವಳು ನಾನು, ಮನೆಯಲ್ಲಿ ಎಲ್ಲದಕ್ಕೂ ಮುಂದೆ ನಾನು. ಆ ಲೆಕ್ಕ ಕಂಪನಿಯವರಿಗೂ ಗೊತ್ತಾಗಬೇಕಿತ್ತು ಅನ್ನಿಸಿತು. ಅಷ್ಟರಲ್ಲಿ ಅತ್ತೆ ನನ್ನ ಕಡೆ ತಿರುಗಿ, "ಅಂಗಾರೆ ಇನ್ಮ್ಯಾಕೆ ನೀನು ಇವ್ಳು ಹೇಳ್ದಂಗೆ ಕೇಳ್ಬೇಕೇನವ್ವಾ?" ಅಂದರು.

"ಹಾಗೇನಿಲ್ಲ ಅತ್ತೆ," ಅಂತ ನನ್ನ ಓರಗಿತ್ತಿಯೇ ಹೇಳಿದಳು. ನಮ್ಮವರು ನಗು ತಡೆಯಲಾರದೆ ನೀರಿನ ಲೋಟ ಎತ್ತಿಕೊಂಡರು. ಅವರನ್ನು ನಾನು ಎರಡು ದಿನ ಮಾತಾಡಿಸಲಿಲ್ಲ.

ಮಾರನೆಯ ಬೆಳಿಗ್ಗೆ ಅತ್ತೆ ಡೈರಿಗೆ ಹಾಲು ಹಾಕಲು ಹೋದವರು ಅಲ್ಲಿದ್ದ ಹೆಂಗಸರಿಗೆಲ್ಲ ಹೇಳಿ ಬಂದಿದ್ದರು, ಚಿಕ್ಕ ಸೊಸೆಗೆ ದೊಡ್ಡ ಕೆಲಸ ಆಗೈತೆ ಅಂತ. ಸಂಜೆ ಹಾಲು ತೆಗೆದುಕೊಂಡು ನಾನು ಹೋದರೆ ಹಿಂದಿನ ಬೀದಿಯ ಅಜ್ಜಿಯೊಬ್ಬರು ನನ್ನ ಕೈ ಹಿಡಿದುಕೊಂಡು, "ನಿಂಗಿನ್ನೂ ಆಗಿಲ್ವೇನವ್ವ?" ಅಂದರು. ಮದುವೆಯಾಗಿ ವರ್ಷವಾದರೂ ಬಸಿರಾಗದವಳನ್ನು ಕೇಳುವ ದನಿ ಅದು. "ಆಯ್ತದೆ ಬುಡಿ," ಅಂತ ಕೈ ಬಿಡಿಸಿಕೊಂಡು ಬಂದೆ.

ಇಷ್ಟೇ ಆಗಿದ್ದರೆ ನಾಲ್ಕು ದಿನ ಮುಖ ಊದಿಸಿಕೊಂಡಿದ್ದು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ನನ್ನ ಉರಿಗೆ ಇನ್ನೊಂದು ಕಾರಣ ಇತ್ತು. ಅವಳಿಗೆ ಲೀಡ್ ಸಿಕ್ಕಿದ್ದು ನನ್ನ ಕೆಲಸಕ್ಕೆ ಅನ್ನುವುದು ನನ್ನ ನಂಬಿಕೆ.

ನಮ್ಮ ಅಡುಗೆಮನೆಯಲ್ಲಿ ಒಂದು ರೂಢಿ ಇದೆ. ಒಲೆಯ ಮೇಲೆ ಇಡುವವರು ಒಬ್ಬರು, ಇಳಿಸುವವರು ಇನ್ನೊಬ್ಬರು. ಅವಳು ಬೇಳೆ ಇಟ್ಟು ಮೀಟಿಂಗಿಗೆ ಓಡಿದರೆ ನಾನು ಖಾರ ರುಬ್ಬಿ ಹಾಕುತ್ತೇನೆ, ನನಗೆ ಫೋನ್ ಬಂದರೆ ಅತ್ತೆ ಒಗ್ಗರಣೆ ಹಾಕುತ್ತಾರೆ. ಉಣ್ಣುವಾಗ ಈ ಸಾರು ಯಾರು ಮಾಡಿದ್ದು ಅಂತ ಯಾರೂ ಕೇಳುವುದಿಲ್ಲ. ಕೇಳಿದರೂ ಹೇಳಲು ಬರುವುದಿಲ್ಲ. ಇದನ್ನೇ ನಾವು ಮಹಡಿಗೂ ತಂದುಬಿಟ್ಟಿದ್ದೆವು. ಅವಳು ಅರ್ಧ ಮಾಡಿ ತನ್ನ ಮಗುವಿಗೆ ಉಣ್ಣಿಸಲು ಇಳಿದುಹೋದರೆ ನಾನು ಅವಳ ಕುರ್ಚಿಗೆ ಸರಿದು ಮುಗಿಸುತ್ತಿದ್ದೆ. ನಾನು ಕರೆಂಟಿನವರ ಜೊತೆ ಜಗಳಕ್ಕೆ ಇಳಿದರೆ ಅವಳು ನನ್ನದರಲ್ಲಿ ಮುಂದುವರಿಸುತ್ತಿದ್ದಳು. ಕಂಪನಿಗೆ ಗೊತ್ತಾದರೆ ಬೈಯುತ್ತಾರೆ, ಒಬ್ಬರ ಲ್ಯಾಪ್‌ಟಾಪ್ ಇನ್ನೊಬ್ಬರು ಮುಟ್ಟಬಾರದು. ಒಂದೇ ಮನೆಯವರಿಗೆ ಎಂಥ ನಿನ್ನದು ನನ್ನದು ಅಂತ ನಾವು ತಲೆ ಕೆಡಿಸಿಕೊಂಡಿರಲಿಲ್ಲ. ಯಾರ ಲ್ಯಾಪ್‌ಟಾಪಿನಿಂದ ಹೋಗುತ್ತದೋ ಕೆಲಸ ಅವರ ಹೆಸರಿನಲ್ಲೇ ಕೂರುತ್ತದೆ ಅನ್ನುವುದು ಗೊತ್ತಿದ್ದೂ ಗೊತ್ತಿಲ್ಲದ ಹಾಗಿದ್ದೆವು.

ನಮ್ಮ ಕಂಪನಿ ಲಾರಿ ಮಾಲೀಕರಿಗೆ ಆ್ಯಪ್ ಮಾಡಿಕೊಡುತ್ತದೆ. ಯಾವ ಲಾರಿ ಎಲ್ಲಿದೆ, ಯಾವಾಗ ಮುಟ್ಟುತ್ತದೆ ಅಂತ ಅದರಲ್ಲಿ ಕಾಣುತ್ತದೆ. ಶಿರಾಡಿ ಘಾಟಿಗೆ ಇಳಿದ ಕೂಡಲೇ ನೆಟ್‌ವರ್ಕ್ ಹೋಗಿ, ಓಡುತ್ತಿರುವ ಲಾರಿ ನಿಂತಿದೆ ಅಂತ ಆ್ಯಪ್ ತೋರಿಸುತ್ತಿತ್ತು. ಮಾಲೀಕರು ಡ್ರೈವರ್‌ಗೆ ಬಾಯಿಗೆ ಬಂದಂತೆ ಬೈಯುವುದು, ಡ್ರೈವರ್ ನಮ್ಮ ಆ್ಯಪ್‌ಗೆ ಶಾಪ ಹಾಕುವುದು. ಅದನ್ನು ಸರಿಮಾಡುವ ಕೆಲಸ ನನ್ನ ಓರಗಿತ್ತಿಗೆ ಬಿದ್ದಿತ್ತು. ಅವಳು ಒದ್ದಾಡಿ ಒದ್ದಾಡಿ, ನಡುವೆ ತವರಿನಲ್ಲಿ ಅಣ್ಣನ ಮದುವೆ ಬಂದು, ಲ್ಯಾಪ್‌ಟಾಪ್ ಇಲ್ಲೇ ಬಿಟ್ಟು ಹಗರೆಗೆ ಹೋದಳು. ಅವಳ ಕುರ್ಚಿಯಲ್ಲಿ ಕೂತು ಅದನ್ನು ಬುಡದಿಂದ ಕಿತ್ತು ಹೊಸದಾಗಿ ಬರೆದವಳು ನಾನು. ಅಷ್ಟು ಅಚ್ಚುಕಟ್ಟಾದ ಕೆಲಸ ನಾನು ಅದಕ್ಕೆ ಮುಂಚೆ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ.

ಅವಳು ಬಂದು ನೋಡಿ, "ಅಯ್ಯೋ ಅಕ್ಕ, ಇದು ನನ್ನ ಹೆಸರಲ್ಲಿ ಹೋಗಿದೆ," ಅಂದಿದ್ದಳು.

"ಹೋಗ್ಲಿ ಬಿಡೇ. ಯಾರ ಹೆಸರಲ್ಲಿ ಹೋದ್ರೇನು," ಅಂದಿದ್ದೆ.

ಏನು ದೊಡ್ಡಸ್ತಿಕೆ ನನ್ನದು. ಆ ಮಾತನ್ನು ನೆನೆದರೆ ನನ್ನ ನಾಲಿಗೆಗೇ ಬರೆ ಹಾಕಬೇಕು ಅನ್ನಿಸುತ್ತದೆ. ಘಾಟಿಯ ತೊಂದರೆ ನಿಂತ ಮೇಲೆ ಕಂಪನಿಯವರೆಲ್ಲ ಸೇರುವ ಮೀಟಿಂಗಿನಲ್ಲಿ ಅವಳ ಹೆಸರು ಹೇಳಿ ಹೊಗಳಿದ್ದರು. ಆಗಲೂ ನಾನು ನಗುತ್ತಲೇ ಕೂತಿದ್ದೆ, ಯಾಕೆಂದರೆ ಆಗ ಅವಳು ನನಗಿಂತ ಕೆಳಗಿದ್ದಳು.

ಲೀಡ್ ಆದ ಮೇಲೆ ಅವಳು ಮಾಡಿದ್ದೆಲ್ಲ ನನಗೆ ಚುಚ್ಚತೊಡಗಿತು. ಮೊದಲೇ ಅವಳದ್ದು ದಿನವೆಲ್ಲ ಫೋನು. ಆ ಟೀಮಿನವರ ಜೊತೆ ಮಾತು, ಈ ಟೀಮಿನವರ ಜೊತೆ ಮಾತು, ಹೊಸ ಹುಡುಗರಿಗೆ ಪಾಠ. ಕೆಲಸ ಕಮ್ಮಿ, ಬಾಯಿ ಜಾಸ್ತಿ ಅಂತ ನಾನು ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ಕಂಪನಿಯ ಪುಟದಲ್ಲಿ ಅವಳ ಹೆಸರಿನ ಕೆಳಗೆ ಲೀಡ್ ಅಂತ ಬಂದಿತ್ತು. ಅದನ್ನು ದಿನಕ್ಕೆ ಎಷ್ಟೋ ಸಲ ತೆಗೆದು ನೋಡುತ್ತಿದ್ದೆ. ಹೋಗಿರುತ್ತದೆ ಅಂತಲೋ ಏನೋ.

ಒಂದು ದಿನ ಅವಳು ಬೇಳೆ ಇಟ್ಟು ಮೀಟಿಂಗಿಗೆ ಕೂತಳು. ಕುಕ್ಕರ್ ಕೂಗಿತು. ನಾನು ಏಳಲಿಲ್ಲ. ಅತ್ತೆ ಆ ಹೊತ್ತಿನಲ್ಲಿ ತೋಟಕ್ಕೆ ಹೋಗಿದ್ದರು. ಮಧ್ಯಾಹ್ನ ಎಲ್ಲರ ತಟ್ಟೆಗೂ ಬರೀ ಬೆಂದ ಬೇಳೆ ಬಿತ್ತು.

"ಯಾಕ್ರವ್ವಾ, ಖಾರ ಗೀರ ಏನೂ ಇಲ್ವಾ?" ಅಂದರು ಅತ್ತೆ.

"ನಾನೇ ಮರೆತೆ ಅತ್ತೆ," ಅಂದಳು ಅವಳು, ಮತ್ತೆ ನನ್ನ ತಟ್ಟೆಗೆ ಉಪ್ಪಿನಕಾಯಿ ಬಡಿಸಿದಳು. ಒಂದು ಮಾತು ನನಗೆ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಆ ಒಳ್ಳೆಯತನ ನೋಡಿ ನನಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು.

ಅಷ್ಟರಲ್ಲಿ ಬೆಂಗಳೂರಿನ ಆಫೀಸಿಗೆ ಹೋಗುವ ದಿನ ಬಂತು. ಆಗಾಗ ಊರಿನಿಂದ ಕೆಲಸ ಮಾಡುವವರನ್ನೆಲ್ಲ ಒಂದು ದಿನದ ಮಟ್ಟಿಗೆ ಕರೆಸುತ್ತಾರೆ. ನಾವಿಬ್ಬರೂ ಅರಸೀಕೆರೆಗೆ ಬಂದು ಬೆಳಗಿನ ರೈಲು ಹತ್ತಿದೆವು. ನಾನು ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ, ಮ್ಯಾನೇಜರ್ ಹತ್ತಿರ ನೇರವಾಗಿ ಕೇಳಿಬಿಡಬೇಕು ಅಂತ. ಈ ಸುತ್ತಿನ ಬಡ್ತಿಯಲ್ಲಿ ಇನ್ನೂ ಒಂದು ಲೀಡ್ ಜಾಗ ಉಳಿದಿದೆ ಅಂತ ನನಗೆ ಸುದ್ದಿ ಇತ್ತು. ಅದು ನನಗೆ ಬೇಕಿತ್ತು. ಕಡೇಪಕ್ಷ ಅವಳ ಸಮಕ್ಕಾದರೂ ನಿಲ್ಲಬೇಕಿತ್ತು.

ಆಫೀಸಿನಲ್ಲಿ ಹೊಸ ಲೀಡ್‌ಗಳಿಗೆ ಅಂತ ಕೇಕ್ ತರಿಸಿದ್ದರು. ಹೊಸದಾಗಿ ಸೇರಿದವನೊಬ್ಬ ಅವಳ ಹತ್ತಿರ ಬಂದು, "ಮೇಡಂ, ಆ ಘಾಟಿ ಪ್ರಾಬ್ಲಮ್ ಸಾಲ್ವ್ ಮಾಡಿದ್ದು ನೀವೇ ಅಲ್ವಾ?" ಅಂದ. ನಾನು ಪಕ್ಕದಲ್ಲೇ ಇದ್ದೆ, ಅವಳ ಬಾಯನ್ನೇ ನೋಡಿದೆ. "ಅದು..." ಅಂತ ಶುರುಮಾಡಿದಳು. ಅಷ್ಟರಲ್ಲಿ ಯಾರೋ ಕರೆದರು, ಅವಳು ಹೋಗಿ ಕೇಕ್ ಮುಂದೆ ನಿಂತಳು. ಕಳ್ಳಿ ಅಂತ ಮನಸ್ಸಿನಲ್ಲೇ ಬೈದೆ.

ಊಟವಾದ ಮೇಲೆ ಮ್ಯಾನೇಜರ್ ಗಾಜಿನ ರೂಮಿಗೆ ನನ್ನನ್ನು ಕರೆದರು. ಆ ಇನ್ನೊಂದು ಲೀಡ್ ಜಾಗ ನನಗೆ ಸಿಗುತ್ತದಾ ಅಂತ ಕೇಳಿದೆ.

"ಈ ಸಲ ಇಲ್ಲ," ಅಂದರು. "ನೀವು ಮಾಡಿರೋದನ್ನೆಲ್ಲ ಸೇರಿಸಿಯೇ ನೋಡಿದೀವಿ. ತುಂಬ ಚೆನ್ನಾಗಿ ಮಾಡ್ತೀರ. ಆದ್ರೆ ಲೀಡ್ ಅಂದ್ರೆ ತಾನು ಮಾಡೋದಲ್ಲ, ನಾಲ್ಕು ಜನರ ಕೈಲಿ ಮಾಡಿಸೋದು. ಅದಿನ್ನೂ ನಿಮ್ಮಲ್ಲಿ ಕಾಣ್ತಿಲ್ಲ."

ಘಾಟಿಯ ವಿಷಯ ಹೇಳಿಬಿಡಲಾ ಅಂತ ಬಾಯಿ ತೆರೆದೆ. ಹೇಳಿದರೆ ಓರಗಿತ್ತಿಯ ಮೇಲೆ ಚಾಡಿ ಹೇಳಿದ ಹಾಗಾಗುತ್ತದೆ. ಹಾಳಾಗಿ ಹೋಗಲಿ ಅಂತ ಎದ್ದು ಬಂದೆ.

ವಾಪಸ್ ಹೊರಟಿದ್ದು ಸಂಜೆಯ ರೈಲಿಗೆ. ತುಮಕೂರಿನಲ್ಲಿ ಅವಳು ಕಡಲೆಕಾಯಿ ಕೊಂಡು ಸುಲಿದು ಸುಲಿದು ನನ್ನ ಕಡೆ ಇಡುತ್ತಿದ್ದಳು. ನಾನು ಮುಟ್ಟಲಿಲ್ಲ. ತಿಪಟೂರು ದಾಟಿದ ಮೇಲೆ ನನ್ನ ಕೈಯಲ್ಲಿ ತಡೆದುಕೊಳ್ಳಲು ಆಗಲಿಲ್ಲ.

"ಘಾಟಿ ಕೆಲಸ ಮಾಡಿದ್ದು ಯಾರೇ?" ಅಂದೆ.

"ನೀವು."

"ಹೆಸರು ಬಂದಿದ್ದು ಯಾರಿಗೆ?"

"ನನಗೆ."

"ಆ ಹುಡುಗ ಕೇಳಿದಾಗ ಕೇಕ್ ಕಡೆ ಓಡಿದ್ಯಲ್ಲ. ನಾನು ಮಾಡಿದ ಕೆಲಸದ ಮೇಲೆ ಹತ್ತಿ ಕೂತಿದೀಯ ನೀನು. ಮ್ಯಾನೇಜರ್‌ಗೆ ಒಂದೇ ಒಂದು ಮಾತು ಹೇಳೋಕಾಗ್ಲಿಲ್ವಾ ನಿಂಗೆ?"

ಎದುರು ಕೂತಿದ್ದ ಹೆಂಗಸು ನಮ್ಮ ಕಡೆ ನೋಡಿದರು. ನನ್ನ ಓರಗಿತ್ತಿ ಮಡಿಲಲ್ಲಿದ್ದ ಸಿಪ್ಪೆಯನ್ನು ಪೇಪರಿಗೆ ಕೊಡವಿಕೊಂಡಳು. ಆಮೇಲೆ ಮೆಲ್ಲಗೆ, "ಹೇಳಿದೀನಿ ಅಕ್ಕ," ಅಂದಳು.

"ಯಾವಾಗ?"

"ನನ್ನ ಹೆಸರು ಲೀಡ್‌ಗೆ ಕಳಿಸ್ತೀನಿ ಅಂದ್ರಲ್ಲ, ಅವತ್ತೇ. ಘಾಟಿದು ನಮ್ಮಕ್ಕ ಮಾಡಿದ್ದು, ನನ್ನ ಲ್ಯಾಪ್‌ಟಾಪಿಂದ ಹೋಗಿದೆ ಅಷ್ಟೆ, ಅದನ್ನ ನನಗೆ ಹಿಡೀಬೇಡಿ ಅಂದೆ. ಲ್ಯಾಪ್‌ಟಾಪ್ ಯಾಕೆ ಕೊಟ್ರಿ ಅಂತ ಬೈದ್ರು. ಆಮೇಲೆ ಅದನ್ನ ನನ್ನದರಿಂದ ತೆಗೆದು ನಿಮ್ಮದಕ್ಕೆ ಸೇರಿಸ್ಕೊಂಡ್ರು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

ಅವಳು ಸಿಪ್ಪೆಯ ಪೇಪರನ್ನು ಮಡಿಸಿದಳು. "ಅದಿಲ್ಲದೇನೂ ನನಗೆ ಸಿಕ್ತು ಅಂತ ನಿಮ್ಮ ಹತ್ರ ಹೇಗೆ ಹೇಳ್ಲಿ ಅಕ್ಕ?"

ಮಧ್ಯಾಹ್ನ ಮ್ಯಾನೇಜರ್ ಎಲ್ಲ ಸೇರಿಸಿಯೇ ನೋಡಿದೀವಿ ಅಂದಿದ್ದು ಆಗ ಅರ್ಥವಾಯಿತು. ನಾನು ಮಾಡಿದ ಅತಿ ಒಳ್ಳೆಯ ಕೆಲಸವನ್ನು ತೆಗೆದುಹಾಕಿದ ಮೇಲೂ ಅವಳಿಗೆ ಸಿಕ್ಕಿತ್ತು. ಅದನ್ನು ಸೇರಿಸಿದ ಮೇಲೂ ನನಗೆ ಸಿಕ್ಕಿರಲಿಲ್ಲ. ಅವಳು ಕದ್ದಿದ್ದರೇ ಚೆನ್ನಾಗಿತ್ತು. ಕದ್ದಿದ್ದರೆ ಜೀವಮಾನವೆಲ್ಲ ಬೈದುಕೊಂಡು ನೆಮ್ಮದಿಯಾಗಿ ಇರಬಹುದಿತ್ತು.

"ಹಾಗಾದ್ರೆ ನಿಂಗೆ ಕೊಟ್ಟಿದ್ದು ಯಾವುದಕ್ಕೆ?" ಅಂದೆ. ಕೇಳಬಾರದು ಅಂತ ಗೊತ್ತಿದ್ದೂ ಕೇಳಿದೆ.

"ಲಾರಿ ಮಾಲೀಕರಿಗೆ ಒಂದೊಂದು ಟೀಮೂ ಒಂದೊಂದು ತರ ಮೆಸೇಜ್ ಕಳಿಸ್ತಿದ್ರಲ್ಲ, ಅವರನ್ನೆಲ್ಲ ಒಪ್ಪಿಸಿ ಒಂದೇ ತರ ಮಾಡಿಸಿದ್ದು. ಮತ್ತೆ ಹೊಸಬರನ್ನ ತಯಾರು ಮಾಡಿದ್ದು."

ಅದೆಲ್ಲ ನನ್ನ ಪಕ್ಕದಲ್ಲೇ ನಡೆದಿತ್ತು. ಇವಳ ಹರಟೆ ಕೇಳಲಾರೆ ಅಂತ ನಾನು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ದಿನಗಳವು. ಅದಾದ ಮೇಲೆ ನಮ್ಮ ಟೀಮಿಗೆ ಬರುವ ದೂರು ಇಳಿದಿದ್ದು ನನಗೆ ಗೊತ್ತಿತ್ತು. ತಾನಾಗಿಯೇ ಇಳಿಯಿತು ಅಂದುಕೊಂಡಿದ್ದೆ. ಅವಳು ಕೆಲಸದಲ್ಲಿ ನನಗಿಂತ ಜಾಣೆ ಅನ್ನುವುದು ಕಂಪನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನನಗೆ ನೋವಾಗುತ್ತದೆ ಅಂತ ಇಷ್ಟು ದಿನ ಬಚ್ಚಿಟ್ಟುಕೊಂಡು ಓಡಾಡುತ್ತಿದ್ದಳು. ನನ್ನ ಹೊಟ್ಟೆಕಿಚ್ಚು ಇದರಿಂದ ಕಡಿಮೆಯಾಯಿತು ಅಂತ ಹೇಳಿದರೆ ಶುದ್ಧ ಸುಳ್ಳು. ಇನ್ನೂ ಜಾಸ್ತಿಯಾಯಿತು.

"ಅಕ್ಕ," ಅಂದಳು. "ಮುಂದಿನ ಸುತ್ತಿಗೆ ನಿಮ್ಮ ಹೆಸರು ನಾನು ಹೇಳಬಹುದು. ಲೀಡ್ ಆದವರು ನಿಂತು ಹೇಳಿದ್ರೆ ಕೇಳ್ತಾರೆ. ಏನೇನು ತೋರಿಸ್ಬೇಕು ಅಂತ ಈಗಿಂದಲೇ ಇಬ್ಬರೂ ಕೂತು ನೋಡೋಣ. ನಾನು ಹೇಳ್ಲಾ?"

ಬೇಡ ಅನ್ನಬೇಕಿತ್ತು. ನಾಲಿಗೆಯ ತುದಿಗೇ ಬಂದಿತ್ತು. ಇವಳಿಗೆ ಕೆಲಸ ಕೊಡಿಸಿದವಳು ನಾನು, ಕಲಿಸಿದವಳು ನಾನು, ನನ್ನ ಪರವಾಗಿ ಇವಳು ಹೋಗಿ ಬೇಡುವುದಾ ಅನ್ನಿಸಿತು. ಕಿಟಕಿಯ ಆಚೆ ಕತ್ತಲಲ್ಲಿ ತೆಂಗಿನ ತೋಟಗಳು ಹೋಗುತ್ತಿದ್ದವು, ನಾನು ಅತ್ತಲೇ ನೋಡುತ್ತಾ ಕೂತೆ. ಅವಳ ಹಂಗಿಲ್ಲದೆ ನನಗೆ ಆ ಲೆವೆಲ್ ಸಿಗುತ್ತದೆಯೇ ಅಂತ ನನ್ನನ್ನೇ ಕೇಳಿಕೊಂಡೆ. ಸಿಗುವುದಿಲ್ಲ ಅಂತ ಗೊತ್ತಿತ್ತು. ಬೇಡ ಅಂದು ಮನೆಗೆ ಹೋಗಿ ದೊಡ್ಡ ಸೊಸೆಯಾಗಿ ಇದ್ದುಬಿಡಬಹುದಿತ್ತು. ಆದರೆ ನನಗೆ ಅದು ಬೇಕಾಗಿತ್ತು.

ಅರಸೀಕೆರೆ ಬಂತು ಅಂತ ಜನ ಎದ್ದರು. ಅವಳೂ ಎದ್ದಳು, ನಮ್ಮಿಬ್ಬರ ಬ್ಯಾಗುಗಳನ್ನೂ ಕೆಳಗಿಳಿಸಿದಳು, ಬಾಗಿಲ ಕಡೆ ಹೋಗದೆ ನನ್ನ ಮುಂದೆಯೇ ನಿಂತಳು.

"ಹೇಳು," ಅಂದೆ, ಅವಳ ಮುಖ ನೋಡದೆ.